ನಮ್ಮೊಳಗಿನ ವಕೀಲ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ಕೇಳಿ ನಗದವರಿಲ್ಲ. ನಗುವವರಲ್ಲಿ ಆ ನರ್ತಕಿಯು ತಾನೇ ಎಂದು ತಿಳಿದು ನಕ್ಕವರನ್ನು ನಾವು ಕಂಡಿಲ್ಲ. ಪ್ರತಿಯೊಬ್ಬರಿಗೂ ಆಕೆ ನೆರೆಮನೆಯವಳು, ಇಲ್ಲವೆ ಓರಗಿತ್ತಿ, ಇಲ್ಲವೆ ಕಚೇರಿಯಲ್ಲಿ ಪಕ್ಕದ ಮೇಜಿನವನು. ಗಾದೆಯನ್ನು ಕಟ್ಟಿದ ಹಿರಿಯರ ಜಾಣ್ಮೆಯನ್ನು ಗಮನಿಸಬೇಕು. ಆಕೆ ಸುಳ್ಳಾಡಿದಳೆಂದು ಅವರು ಹೇಳಲಿಲ್ಲ. ನೆಲ ಡೊಂಕೆಂದಳೆಂದು ಮಾತ್ರ ಹೇಳಿದರು. ನೆಲವು ಎಲ್ಲಿಯೋ ಒಂದು ಮೂಲೆಯಲ್ಲಿ ಸ್ವಲ್ಪ ಡೊಂಕಾಗಿದ್ದಿರಲೂಬಹುದು. ಎಳ್ಳಷ್ಟೂ ಡೊಂಕಿಲ್ಲದ ನೆಲವು ಲೋಕದಲ್ಲಿ ಎಲ್ಲಿದೆ?

ಈ ತಿಂಗಳು ನಾವು ವಿಚಾರಮಾಡಹೊರಟಿರುವುದು ಆ ಮೂಲೆಯ ಡೊಂಕನ್ನು ಕುರಿತು. ಅಪ್ರಾಮಾಣಿಕತೆಯೆಂದೊಡನೆ ನಮ್ಮ ಕಣ್ಣಮುಂದೆ ಶಕುನಿಯು ದಾಳಗಳನ್ನು ಹಿಡಿದು ಬಂದು ನಿಲ್ಲುತ್ತಾನೆ. ಆತನಿಗೆ ತಾನು ಮಾಡುತ್ತಿರುವುದು ಮೋಸವೆಂದು ಚೆನ್ನಾಗಿ ಗೊತ್ತು. ಅಂತಹವರು ಊರಿಗೆ ಒಬ್ಬಿಬ್ಬರಿರಬಹುದು. ಆದರೆ ಸಂಸಾರಗಳಲ್ಲಿ ನಡೆಯುವ ಅನ್ಯಾಯವನ್ನೆಲ್ಲ ಲೆಕ್ಕಹಾಕಿ ನೋಡಿದರೆ ಶಕುನಿಯ ಪಾಲಿಗೆ ಬರುವುದು ಬಹು ಸ್ವಲ್ಪ, ಉಳಿದದ್ದೆಲ್ಲವೂ ಧೃತರಾಷ್ಟ್ರನದು. ಆತನು ವಿದುರನ ಮಾತನ್ನು ಕೇಳುವನು, ನ್ಯಾಯವೆಂದು ಒಪ್ಪುವನು, ಒಪ್ಪಿದ ಮೇಲೆ ಮಗನ ಪಕ್ಷಕ್ಕೆ ಅನುಕೂಲವಾದ ಒಂದು ಕಾರಣವನ್ನು ಹುಡುಕುವನು. ಹುಡುಕಿದ ಕಾರಣವನ್ನು ತಾನೇ ನಂಬುವನು. ಹೀಗೆ ನಂಬುವ ಬಗೆ ಹೇಗೆಂಬುದನ್ನು ಮನಶ್ಶಾಸ್ತ್ರಜ್ಞರು ಕಳೆದ ಐವತ್ತು ವರ್ಷಗಳಲ್ಲಿ ಬಗೆಬಗೆಯ ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಗೃಹಸ್ಥರಿಗೆ ಉಪಯೋಗವಾಗತಕ್ಕ ಕೆಲವನ್ನು ಇಲ್ಲಿ ಹೇಳುವೆವು.

ಮೊದಲು ಅಡಿಗೆಮನೆಯಿಂದಲೇ ಆರಂಭಿಸೋಣ. ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾನಿಲಯದ ಮೈಕೇಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬಿಬ್ಬರು 1979ರಲ್ಲಿ ಪ್ರಕಟಿಸಿದ ಒಂದು ಶೋಧನೆಯಲ್ಲಿ 37 ದಂಪತಿಗಳನ್ನು ಪ್ರಶ್ನಿಸಿದರು. ಬೆಳಗಿನ ಉಪಾಹಾರ ಸಿದ್ಧಪಡಿಸುವುದು, ಪಾತ್ರೆ ತೊಳೆಯುವುದು, ಕಸ ಹೊರಗೆ ಹಾಕುವುದು, ಪೇಟೆಯಿಂದ ಸಾಮಾನು ತರುವುದು, ಹೀಗೆ ಸಂಸಾರದ 20 ಬಗೆಯ ಕೆಲಸಗಳ ಪಟ್ಟಿಯನ್ನು ಕೊಟ್ಟು, ಪ್ರತಿಯೊಂದರಲ್ಲಿ ನಿಮ್ಮ ಪಾಲೆಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಕೇಳಿದರು. ಇಬ್ಬರ ಪಾಲನ್ನು ಕೂಡಿಸಿದರೆ ನೂರಾಗಬೇಕಷ್ಟೆ. 37 ಮನೆಗಳಲ್ಲಿ 27 ಮನೆಗಳ ಮೊತ್ತವು ನೂರನ್ನು ಮೀರಿತು! ಯಾರೂ ಮಾಡದ ಕೆಲಸವನ್ನು ಈ ಮನೆಗಳಲ್ಲಿ ಯಾರೋ ಮಾಡುತ್ತಿದ್ದರೆಂದಾಯಿತು.

ಇವರೆಲ್ಲರೂ ಜಂಬದವರೆಂದು ತೀರ್ಮಾನಿಸಲಾಗದು. ಏಕೆಂದರೆ ಆ ಪಟ್ಟಿಯಲ್ಲಿ ಜಗಳ ತೆಗೆಯುವುದೇ ಮೊದಲಾದ ಅಪಕೀರ್ತಿಯ ಬಾಬುಗಳೂ ಇದ್ದುವು. ಅವುಗಳಲ್ಲಿಯೂ ಜನರು ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿಕೊಂಡರು. ಕಾರಣವು ಸರಳವಾದುದು. ನಾನು ತೊಳೆದ ಪಾತ್ರೆಯ ತಣ್ಣೀರು ನನ್ನ ಕೈಗೆ ತಾಕಿದೆ, ನನ್ನ ಸೊಂಟ ನೊಂದಿದೆ, ನನಗೆ ನೆನಪಿದೆ. ಆಕೆ ತೊಳೆದಾಗ ನಾನು ಪತ್ರಿಕೆ ಓದುತ್ತಿದ್ದೆನು. ಬೆಳಗ್ಗೆ ಹಾಲು ಉಕ್ಕದಂತೆ ನೋಡಿಕೊಂಡವರಾರು, ಮಗುವಿನ ಜ್ವರಕ್ಕೆ ರಾತ್ರಿ ಎರಡು ಬಾರಿ ಎದ್ದವರಾರು ಎಂಬುದು ಮಲಗಿ ನಿದ್ರಿಸಿದವನ ನೆನಪಿನಲ್ಲಿ ಹೇಗೆ ಇದ್ದೀತು? ಇಲ್ಲಿಯವರೆಗೆ ಇದು ನೆನಪಿನ ದೋಷ, ನಡತೆಯ ದೋಷವಲ್ಲ. ಆದರೆ ಇಲ್ಲಿಂದ ಒಂದು ಮೆಟ್ಟಲು ಇಳಿದರೆ, 'ಇಷ್ಟೆಲ್ಲ ದುಡಿದವನು ನಾನು. ಇಷ್ಟನ್ನು ಕೇಳದೆ ತೆಗೆದುಕೊಂಡರೆ ತಪ್ಪೇನು?' ಎಂಬ ಮಾತು ಕಾದು ನಿಂತಿರುತ್ತದೆ. ಕಚೇರಿಯ ಕಾಗದದ ದಸ್ತು ಮನೆಗೆ ಬರುವುದು ಈ ಮೆಟ್ಟಲಿನ ಮೇಲೆ. ಅವಿಭಕ್ತ ಕುಟುಂಬದ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ನೂರು ರೂಪಾಯಿ ಲೆಕ್ಕಕ್ಕೆ ಬಾರದೆ ಹೊರಡುವುದೂ ಇದರ ಮೇಲೆಯೇ.

ತನ್ನನ್ನು ತಾನು ಹೆಚ್ಚಾಗಿ ಎಣಿಸುವ ಅಭ್ಯಾಸಕ್ಕೆ ಇನ್ನೊಂದು ದೃಷ್ಟಾಂತವು ಪ್ರಸಿದ್ಧವಾಗಿದೆ. ಓಲಾ ಸ್ವೆನ್ಸನ್ ಎಂಬವರು 1981ರಲ್ಲಿ ಪ್ರಕಟಿಸಿದ ಲೇಖನದಂತೆ, ಮೋಟಾರು ನಡೆಸುವ ಕೌಶಲದಲ್ಲಿ ತಾವು ಮೇಲಿನ ಅರ್ಧಕ್ಕೆ ಸೇರಿದವರೆಂದು ಹೇಳಿದವರು ಅಮೆರಿಕಾದ ಗುಂಪಿನಲ್ಲಿ ನೂರಕ್ಕೆ 93, ಸ್ವೀಡನ್ನಿನ ಗುಂಪಿನಲ್ಲಿ ನೂರಕ್ಕೆ 69. ಬೆಂಗಳೂರಿನ ರಸ್ತೆಗಳಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಏನಾದೀತೆಂಬುದನ್ನು ವಾಚಕರ ಊಹೆಗೆ ಬಿಡುತ್ತೇವೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಾರೂ ನೋಡದಿರುವಾಗ, ಸಿಕ್ಕಿಬೀಳುವ ಭಯವು ಕಿಂಚಿತ್ತೂ ಇಲ್ಲದಿರುವಾಗ, ಸಾಮಾನ್ಯ ಮನುಷ್ಯನು ಎಷ್ಟು ಸುಳ್ಳು ಹೇಳುತ್ತಾನೆ? ಸ್ವಿಟ್ಜರ್ಲೆಂಡಿನಲ್ಲಿ ಉರ್ಸ್ ಫಿಷ್‌ಬಾಖರ್ ಮತ್ತು ಫ್ರಾನ್ಸಿಸ್ಕಾ ಫೊಲ್ಮಿ-ಹಾಯ್ಸಿ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ಸುಲಭವಾದ ಉಪಾಯವನ್ನು ಕಂಡುಹಿಡಿದರು. ಅವರ ಲೇಖನವು 2013ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಮರೆಯಲ್ಲಿ ಕುಳಿತು ಒಂದು ದಾಳವನ್ನು ಉರುಳಿಸಬೇಕು. ಬಿದ್ದ ಸಂಖ್ಯೆಯನ್ನು ತಾವೇ ಬರೆದು ತಿಳಿಸಬೇಕು. 1 ಬಿದ್ದರೆ 1 ಫ್ರಾಂಕು, 2 ಬಿದ್ದರೆ 2, ಹೀಗೆ 5ರವರೆಗೆ. ಆದರೆ 6 ಬಿದ್ದರೆ ಏನೂ ಇಲ್ಲ. ದಾಳವನ್ನು ಬೇರೆ ಯಾರೂ ನೋಡುವುದಿಲ್ಲ. ಒಬ್ಬ ನಿರ್ದಿಷ್ಟ ಮನುಷ್ಯನು ಸುಳ್ಳಾಡಿದನೆಂದು ಪ್ರಯೋಗ ಮಾಡುವವರಿಗೂ ತಿಳಿಯುವ ಬಗೆಯಿಲ್ಲ. ಆದರೆ ನೂರಾರು ಜನರ ಉತ್ತರಗಳನ್ನು ಕೂಡಿಸಿದಾಗ, ಪ್ರತಿಯೊಂದು ಸಂಖ್ಯೆಯೂ ನೂರಕ್ಕೆ ಸುಮಾರು 17ರಂತೆ ಬರಬೇಕೆಂಬುದು ಗಣಿತ.

ಬಂದುದೇನು? 5 ಎಂದು ಬರೆದವರು ನೂರಕ್ಕೆ 35. ಬರಿಗೈಯಲ್ಲಿ ಹೋಗಬೇಕಾದ 6 ಎಂದು ಬರೆದವರು ನೂರಕ್ಕೆ 6 ಅಥವಾ 7. ಇದರಿಂದ, ಪೂರ್ಣವಾಗಿ ಸತ್ಯವಂತರು ನೂರಕ್ಕೆ 39 ಜನರೆಂದೂ, ಸಾಧ್ಯವಿದ್ದಷ್ಟು ಸುಳ್ಳಾಡಿದವರು 20 ಜನರೆಂದೂ ಅವರು ಅಂದಾಜು ಮಾಡಿದರು. ಈ 20 ಜನ ಶಕುನಿಯ ಶಿಷ್ಯರು, ಅವರನ್ನು ಬಿಡೋಣ. ನಮಗೆ ಸ್ವಾರಸ್ಯವಾದುದು 4 ಎಂದು ಬರೆದವರ ವಿಷಯ. ಅವರೂ ನೂರಕ್ಕೆ 17 ಇರಬೇಕಾಗಿತ್ತು. ಇದ್ದವರು ಕಾಲುಭಾಗಕ್ಕಿಂತ ಹೆಚ್ಚು. ಸುಳ್ಳೇ ಹೇಳುವುದಾದರೆ 5 ಎಂದು ಹೇಳಬಹುದಾಗಿತ್ತು. ಒಂದು ಫ್ರಾಂಕನ್ನು ಬಿಟ್ಟುಕೊಟ್ಟು 4 ಎಂದರೇಕೆ? ದಕ್ಷಿಣೆಯಂತೆ ಆ ಒಂದು ಫ್ರಾಂಕನ್ನು ಅವರು ತಮ್ಮ ಮಾನಕ್ಕೆ ಸಲ್ಲಿಸಿದರೆಂದು ನಮಗೆ ತೋರುತ್ತದೆ. ಕೇಳಿದವರ ಕಣ್ಣಿಗಾಗಲಿ ತಮ್ಮ ಕಣ್ಣಿಗಾಗಲಿ ದುರಾಶೆಯವರಾಗಿ ಕಾಣಬಾರದೆಂಬುದು ಅವರ ಆಶೆ. ಹಣವೂ ಬೇಕು, ಸಭ್ಯನೆಂಬ ಹೆಸರೂ ಬೇಕು. ಎರಡಕ್ಕೂ ನಡುವೆ ಒಂದು ರಾಜಿ.

ಇದೇ ಪ್ರಯೋಗವನ್ನು ಇನ್ನಷ್ಟು ಹರಿತಗೊಳಿಸಿದವರು ಶಾಉಲ್ ಶಾಲ್ವಿ ಮತ್ತು ಅವರ ಸಂಗಡಿಗರು. 2011ರಲ್ಲಿ ಪ್ರಕಟವಾದ ಅವರ ಲೇಖನವೇ ಈ ಬರಹದ ನಡುಗಂಬವೆನ್ನಬಹುದು. ಅವರು ಒಂದು ಗುಂಪಿನವರಿಗೆ ದಾಳವನ್ನು ಒಂದೇ ಬಾರಿ ಉರುಳಿಸಹೇಳಿದರು. ಇನ್ನೊಂದು ಗುಂಪಿನವರಿಗೆ ಹೇಳಿದ್ದು ಹೀಗೆ: ಮೊದಲ ಬಾರಿ ಬಿದ್ದ ಸಂಖ್ಯೆಯೇ ಲೆಕ್ಕಕ್ಕೆ, ಆದರೆ ದಾಳವು ಸರಿಯಾಗಿದೆಯೇ ಎಂದು ನೋಡುವುದಕ್ಕಾಗಿ ಇನ್ನೂ ಕೆಲವು ಸಾರಿ ಉರುಳಿಸಿ ನೋಡಿರಿ. ಎರಡು ಗುಂಪಿನವರಿಗೂ ಸುಳ್ಳಾಡುವ ಅವಕಾಶ ಒಂದೇ ಸಮನಾಗಿತ್ತು. ಎರಡೂ ಕಡೆ ದಾಳವು ಮುಚ್ಚಿದ ಬಟ್ಟಲಿನೊಳಗೆ ಉರುಳಿ ಅವರೊಬ್ಬರ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ಆದರೂ ಎರಡನೆಯ ಗುಂಪಿನವರು ಹೆಚ್ಚು ಸುಳ್ಳಾಡಿದರು, ಮತ್ತು ಒಂದು ವಿಚಿತ್ರವಾದ ಕ್ರಮದಲ್ಲಿ ಸುಳ್ಳಾಡಿದರು. ಮೂರು ಬಾರಿ ಉರುಳಿಸಿ ಅತಿ ದೊಡ್ಡ ಸಂಖ್ಯೆಯನ್ನು ಆರಿಸಿಕೊಂಡರೆ ಉತ್ತರಗಳು ಹೇಗೆ ಹಂಚಿಕೆಯಾಗಬೇಕೋ ಸರಿಸುಮಾರು ಹಾಗೆಯೇ ಅವರ ಉತ್ತರಗಳು ಹಂಚಿಕೆಯಾಗಿದ್ದುವು. ಒಂದು ಬಾರಿ ಉರುಳಿಸಿದಾಗ 6 ಬೀಳುವ ಸಂಭವ ನೂರಕ್ಕೆ 17. ಮೂರರಲ್ಲಿ ಒಮ್ಮೆಯಾದರೂ ಬೀಳುವ ಸಂಭವ ನೂರಕ್ಕೆ 42. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಮನುಷ್ಯಸ್ವಭಾವದ ಬಹುಭಾಗವು ಅಡಗಿದೆಯೆಂದರೆ ಹೆಚ್ಚಾಗಲಾರದು.

ಅವರು ಕಾಣದ ಸಂಖ್ಯೆಯನ್ನು ಕಂಡೆವೆಂದು ಬರೆಯಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು. ಕಂಡುದನ್ನೇ ಬರೆದರು, ಬರೆಯಬಾರದ ಸ್ಥಳದಲ್ಲಿ ಬರೆದರು. '6 ಬಿದ್ದದ್ದು ನಿಜ ತಾನೆ? ನನ್ನ ಕಣ್ಣಾರೆ ನೋಡಿದೆನಲ್ಲ' ಎಂದು ಒಳಗಿನ ವಕೀಲನು ವಾದಿಸುತ್ತಾನೆ. ಎಷ್ಟನೆಯ ಬಾರಿ ಬಿದ್ದದ್ದೆಂದು ಆತನು ಕೇಳುವುದಿಲ್ಲ. ಹೀಗೆ ಆರಿಸಿಕೊಂಡ ಸುಳ್ಳು ಬರಿಯ ಸುಳ್ಳಿನಷ್ಟು ಕೆಟ್ಟದ್ದಲ್ಲವೆಂದು ಜನರು ಭಾವಿಸುವರೆಂಬುದೂ ಅದೇ ಲೇಖನದಲ್ಲಿ ಕಂಡುಬಂದಿದೆ. ಜೀವಾ ಕುಂಡಾ ಎಂಬ ವಿದುಷಿ 1990ರಲ್ಲಿ ಇದರ ಮೂಲಸೂತ್ರವನ್ನು ನಿರೂಪಿಸಿದ್ದರು: ಮನುಷ್ಯನು ತನಗೆ ಬೇಕಾದುದನ್ನು ನಂಬುವುದಕ್ಕೆ ಮನಸ್ಸಿಗೆ ತೋರಿದಂತೆಲ್ಲ ಸ್ವತಂತ್ರನಲ್ಲ, ನ್ಯಾಯವಂತನಾದ ಮಧ್ಯಸ್ಥನೊಬ್ಬನು ಒಪ್ಪಬಹುದೆಂದು ತೋರುವಷ್ಟು ಸಾಕ್ಷ್ಯವನ್ನಾದರೂ ಕಲೆಹಾಕಿಕೊಳ್ಳಬೇಕು. ಏಳು ವರ್ಷದ ಮಗನ ಕೈಹಿಡಿದು ಬಸ್ಸನ್ನೇರುವ ತಂದೆಯು ನಿರ್ವಾಹಕನು ವಯಸ್ಸು ಕೇಳಿದಾಗ, 'ಇನ್ನೂ ಚಿಕ್ಕವನಪ್ಪ' ಎನ್ನುವುದುಂಟು. ಐದೆನ್ನಲಿಲ್ಲ, ಆರೆನ್ನಲಿಲ್ಲ. ಚಿಕ್ಕವನೆಂಬುದು ಸತ್ಯವೇ ಸರಿ.

ಅಮೆರಿಕಾದ ಕಾನ್ಸಾಸ್ ವಿಶ್ವವಿದ್ಯಾನಿಲಯದ ಡೇನಿಯಲ್ ಬ್ಯಾಟ್ಸನ್ ಎಂಬವರು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ದಾಳದ ಬದಲು ನಾಣ್ಯವಿತ್ತು. ಎರಡು ಕೆಲಸಗಳಿವೆ, ಒಂದರಲ್ಲಿ ಬಹುಮಾನದ ಚೀಟಿ ದೊರೆಯುವ ಸಂಭವವಿದೆ, ಇನ್ನೊಂದು ಬೇಸರದ ಕೆಲಸ. ಒಂದನ್ನು ನೀವು ಮಾಡಬೇಕು, ಇನ್ನೊಂದನ್ನು ಬೇರೊಬ್ಬರು. ಯಾರಿಗೆ ಯಾವುದೆಂದು ನೀವೇ ಗೊತ್ತುಮಾಡಿ. ಬೇಕಾದರೆ ನಾಣ್ಯವನ್ನು ಚಿಮ್ಮಿ ನಿರ್ಣಯಿಸುವುದು ನ್ಯಾಯವೆಂದು ಬಹುಜನರ ಅಭಿಪ್ರಾಯ, ಇಗೋ ನಾಣ್ಯ. ಹೀಗೆ ಹೇಳಿ ಒಬ್ಬರನ್ನೇ ಬಿಟ್ಟಾಗ 20 ಜನರಲ್ಲಿ 10 ಜನ ನಾಣ್ಯವನ್ನು ಚಿಮ್ಮಿದರು. ಆ ಹತ್ತರಲ್ಲಿ 9 ಜನರಿಗೆ ಬಹುಮಾನದ ಕೆಲಸವೇ 'ಬಂದಿತು'! ಮುಂದೆ, ಯಾವ ಮಗ್ಗುಲು ಬಿದ್ದರೆ ಯಾರಿಗೆಂದು ನಾಣ್ಯದ ಮೇಲೆಯೇ ಚೀಟಿ ಅಂಟಿಸಿ ಕೊಟ್ಟಾಗಲೂ ಅದೃಷ್ಟವು ಚಿಮ್ಮಿದವರ ಕಡೆಗೇ ವಾಲಿತು. ಚಿಮ್ಮದೆಯೇ ತೆಗೆದುಕೊಂಡವರಿಗಿಂತ ಚಿಮ್ಮಿ ತೆಗೆದುಕೊಂಡವರು ತಮ್ಮನ್ನು ಹೆಚ್ಚು ನ್ಯಾಯವಂತರೆಂದು ಎಣಿಸಿಕೊಂಡರಂತೆ. ನಾಣ್ಯವು ಅವರಿಗೆ ನ್ಯಾಯಾಧೀಶನಾಗಿರಲಿಲ್ಲ, ಪುರೋಹಿತನಾಗಿತ್ತು. 1999ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ, ಕುಳಿತವರ ಎದುರಿಗೆ ಅವರ ಮುಖವು ಕಾಣುವಂತೆ ಒಂದು ಕನ್ನಡಿಯನ್ನು ಇರಿಸಿದಾಗ ಮಾತ್ರ, ನಾಣ್ಯ ಚಿಮ್ಮಿದವರಲ್ಲಿ ಅರ್ಧ ಜನ ಒಳ್ಳೆಯ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ನಾಣ್ಯವು ಹೇಗೆ ಬೀಳಬೇಕೋ ಹಾಗೆ ಬಿದ್ದಿತು.

ದಾಳ, ನಾಣ್ಯಗಳ ಮಾತು ವಿದ್ಯಾರ್ಥಿಗಳ ಆಟವಾಯಿತು. ನಮ್ಮ ಸಂಸಾರಗಳಲ್ಲಿ ಹೀಗೆ ಮೂರು ಬಾರಿ ಉರುಳಿಸಿ ಒಂದನ್ನು ಆರಿಸುವುದು ಎಲ್ಲಿ ನಡೆಯುತ್ತದೆ ಎಂದು ಕೇಳುವವರಿದ್ದಾರು. ಮನೆಯ ಆಸ್ತಿಯನ್ನು ಪಾಲುಮಾಡುವ ದಿನ ನಡೆಯುತ್ತದೆ. ಅದರಲ್ಲಿಯೂ ಹೆಣ್ಣುಮಗಳ ಪಾಲಿನ ಮಾತು ಬಂದಾಗ ಮುಖ್ಯವಾಗಿ ನಡೆಯುತ್ತದೆ.

ಕಾನೂನು ಈಗ ಸ್ಪಷ್ಟವಾಗಿದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕಿರುವುದೆಂಬುದನ್ನು ಕರ್ನಾಟಕದಲ್ಲಿ 1994ರಲ್ಲಿಯೇ ತಿದ್ದುಪಡಿಯ ಮೂಲಕ ತಂದರು. ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಮಾತ್ರ ಆ ತಿದ್ದುಪಡಿ ಹೊರಗಿರಿಸಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರದ ಕಾಯಿದೆಗೆ ಆದ ತಿದ್ದುಪಡಿಯು ದೇಶಕ್ಕೆಲ್ಲ ಅನ್ವಯಿಸಿತು. ಮದುವೆಯಾದವಳು, ಆಗದವಳು ಎಂಬ ಭೇದವನ್ನು ಅದು ಇಡಲಿಲ್ಲ. ಆ ತಿದ್ದುಪಡಿಯು ಜಾರಿಗೆ ಬಂದ ದಿನ ತಂದೆಯು ಬದುಕಿದ್ದಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. 2004ನೆಯ ಇಸವಿ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಮುಗಿದುಹೋದ ವಿಭಾಗಗಳನ್ನು ಮಾತ್ರ ಕದಲಿಸುವಂತಿಲ್ಲ.

ಇಷ್ಟು ಸ್ಪಷ್ಟವಾಗಿದ್ದರೂ ಎಷ್ಟು ಮನೆಗಳಲ್ಲಿ ತಂಗಿಯನ್ನು ಹಬ್ಬಕ್ಕೆಂದು ಕರೆಸಿ, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಡುಗಡೆಯ ಪತ್ರಕ್ಕೆ ಆಕೆಯಿಂದ ಸಹಿ ಮಾಡಿಸಿಕೊಳ್ಳುವುದಿಲ್ಲ! ಹೀಗೆ ಮಾಡುವ ಅಣ್ಣಂದಿರು ಕಳ್ಳರಲ್ಲ. ಇವರಲ್ಲಿ ಅನೇಕರು ಬೇರೆಯವರ ಬೇಲಿಯ ಒಂದು ಗಳವನ್ನೂ ಕೀಳುವವರಲ್ಲ. ಅಂಗಡಿಯವನು ತಪ್ಪಿ ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಬಿಸಿಲಿನಲ್ಲಿ ಹಿಂದಿರುಗಿ ಹೋಗಿ ಕೊಟ್ಟುಬರುವವರು. ಇವರ ವಾದವನ್ನು ಕೇಳಿರಿ. 'ಆಕೆಯ ಮದುವೆಗೆ ಅಷ್ಟು ಖರ್ಚಾಯಿತು, ಬಂಗಾರ ಇಟ್ಟೆವು, ಬಾಣಂತನ ಮಾಡಿದೆವು, ಅದೇ ಆಕೆಯ ಪಾಲು.' ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮದುವೆಗೆ ಖರ್ಚಾದುದು ನಿಜ, ಬಂಗಾರ ಇಟ್ಟದ್ದು ನಿಜ. ಆದರೆ ದಾಳವು ಎಷ್ಟು ಬಾರಿ ಉರುಳಿತೆಂದು ನೋಡಬೇಕಷ್ಟೆ. ಅಣ್ಣನ ಮದುವೆಗೂ ಖರ್ಚಾಯಿತು. ಅದು ಬರೆದಿಡುವ ಬಾಬಾಗಲಿಲ್ಲ, ಮನೆತನದ ಮರ್ಯಾದೆಯಾಯಿತು. ಅಣ್ಣನ ಕಾಲೇಜಿನ ಶುಲ್ಕ, ವಸತಿಗೃಹದ ಬಾಡಿಗೆ, ಕೆಲಸ ಸಿಕ್ಕುವವರೆಗೆ ಎರಡು ವರ್ಷ ಮನೆಯಲ್ಲಿ ಉಂಡುದು, ಇವು ಯಾವ ಪುಸ್ತಕದಲ್ಲಿಯೂ ಇಲ್ಲ. ತಂಗಿಯು ಹತ್ತನೆಯ ತರಗತಿಗೆ ಶಾಲೆ ಬಿಟ್ಟು ತಾಯಿಯ ಜೊತೆಗೆ ಆರು ವರ್ಷ ಕೊಟ್ಟಿಗೆಯ ಕೆಲಸ ಮಾಡಿದಳಷ್ಟೆ, ಅದಕ್ಕೆ ಕೂಲಿಯನ್ನು ಕಟ್ಟಿದವರಾರು? ಇನ್ನು ವರದಕ್ಷಿಣೆಯ ಮಾತು. ಅದನ್ನು ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯಿಂದ ಅಪರಾಧವಾಗಿದೆ. ತಾವು ಮಾಡಿದ ಅಪರಾಧದ ಮೊಬಲಗನ್ನೇ ತಂಗಿಯ ಖಾತೆಗೆ ಖರ್ಚು ಬರೆದು, ಅವಳ ಪಾಲು ಸಂದಾಯವಾಯಿತೆಂದು ತೋರಿಸುವ ಲೆಕ್ಕಪತ್ರವು ಬಹು ವಿಚಿತ್ರವಾದುದೆಂದು ಹೇಳದಿರಲಾರೆವು.

ತಂಗಿಯೂ ಆರಿಸಿಕೊಳ್ಳಬಲ್ಲಳು, ಅದನ್ನೂ ಹೇಳಬೇಕು. ತಂದೆಯ ಕೊನೆಯ ಕಾಲದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಮಲಗಿದವನಾರು, ಬರಗಾಲದ ವರ್ಷಗಳಲ್ಲಿ ಸಾಲ ಮಾಡಿ ಕೊಳವೆಬಾವಿ ತೋಡಿಸಿದವನಾರು, ಆ ಸಾಲದ ಕಂತನ್ನು ಕಟ್ಟಿದವನಾರು ಎಂಬುದು ದೂರದ ಊರಿನಲ್ಲಿದ್ದವಳ ಕಣ್ಣಿಗೆ ಬೀಳದೆ ಹೋಗಬಹುದು. ಆಕೆಗೆ ಕಾಣುವುದು ತೋಟ. ಆತನಿಗೆ ನೆನಪಿರುವುದು ಕಂತು. ಆದರೆ ಹಕ್ಕು ಬಿಡುಗಡೆಯ ಪತ್ರವನ್ನು ಬರೆಸುವವನು ಅಣ್ಣ, ಸಹಿ ಮಾಡುವವಳು ತಂಗಿ. ಇಬ್ಬರ ವಕೀಲರೂ ಸಮಾನರಾಗಿರಬಹುದು, ಇಬ್ಬರ ಬಲವು ಸಮಾನವಲ್ಲ.

ಒಂದೇ ಸಂಗತಿಯು ಕುಳಿತ ಪಕ್ಷವನ್ನನುಸರಿಸಿ ಎರಡಾಗಿ ಕಾಣುವುದನ್ನು ಲಿಂಡಾ ಬ್ಯಾಬ್‌ಕಾಕ್, ಜಾರ್ಜ್ ಲೊವೆನ್‌ಸ್ಟೈನ್, ಸ್ಯಾಮ್ಯುಯೆಲ್ ಇಸಾಕರಾಫ್ ಮತ್ತು ಕಾಲಿನ್ ಕ್ಯಾಮರರ್ ಎಂಬ ಅಮೆರಿಕಾದ ವಿದ್ವಾಂಸರು ನ್ಯಾಯಾಲಯದ ಕಾಗದಗಳಿಂದಲೇ ತೋರಿಸಿಕೊಟ್ಟರು. ಅವರ ಲೇಖನವು 1995ರದು. ಟೆಕ್ಸಾಸಿನಲ್ಲಿ ನಿಜವಾಗಿಯೂ ನಡೆದ ಒಂದು ವ್ಯಾಜ್ಯ: ಮೋಟಾರು ಸೈಕಲ್ಲಿನವನಿಗೂ ಕಾರಿನವನಿಗೂ ಡಿಕ್ಕಿ; ಗಾಯಗೊಂಡವನು 1,00,000 ಡಾಲರು ಪರಿಹಾರ ಕೇಳಿದ್ದನು. ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಒಂದೇ ಕಾಗದಗಳನ್ನು ಕೊಟ್ಟು, ಒಬ್ಬನು ವಾದಿ, ಇನ್ನೊಬ್ಬನು ಪ್ರತಿವಾದಿ ಎಂದು ಗೊತ್ತುಮಾಡಿದರು. ನ್ಯಾಯಾಧೀಶನು ಕೊಡಿಸಿದ ಪರಿಹಾರವೆಷ್ಟೆಂದು ಮೊದಲು ಗುಟ್ಟಾಗಿ ಊಹಿಸಿ ಬರೆಯಬೇಕು. ಊಹೆ ಸಮೀಪವಾದರೆ ಹಣದ ಬಹುಮಾನ. ಆ ಬಳಿಕ ಇಬ್ಬರೂ ಕುಳಿತು ರಾಜಿಯಾಗಬೇಕು. ರಾಜಿ ತಡವಾದಷ್ಟೂ ಇಬ್ಬರಿಗೂ ನಷ್ಟ. ಸರಿಯಾಗಿ ಊಹಿಸಿದರೆ ತನಗೇ ಲಾಭವಿದ್ದರೂ ವಾದಿಯ ಊಹೆ ಮೇಲಕ್ಕೂ ಪ್ರತಿವಾದಿಯ ಊಹೆ ಕೆಳಕ್ಕೂ ಸರಿದುವು. ತಾನು ಯಾವ ಪಕ್ಷವೆಂದು ತಿಳಿದುಕೊಂಡು ಕಾಗದಗಳನ್ನು ಓದಿದ ಜೋಡಿಗಳಲ್ಲಿ ರಾಜಿಯಾಗದೆ ಎದ್ದುಹೋದವು ನೂರಕ್ಕೆ 28. ಮೊದಲು ಓದಿ, ಆಮೇಲೆ ಪಕ್ಷವನ್ನು ತಿಳಿದ ಜೋಡಿಗಳಲ್ಲಿ ನೂರಕ್ಕೆ 6 ಮಾತ್ರ. ಓದಿದ ಕಾಗದ ಅದೇ, ಮನುಷ್ಯರೂ ಅಂತಹವರೇ. ಪಕ್ಷ ತಿಳಿದದ್ದು ಮೊದಲೋ ಆಮೇಲೋ ಎಂಬಷ್ಟೇ ಭೇದ.

ಹಾಗಾದರೆ ಮನಸ್ಸು ಹೀಗೆ ವಾಲುತ್ತದೆಂದು ಜನರಿಗೆ ಮುಂಚೆಯೇ ತಿಳಿಸಿಬಿಟ್ಟರೆ ಸಾಲದೆ? ಅದನ್ನೂ ಮಾಡಿ ನೋಡಿದರು. ಈ ದೋಷವನ್ನು ವಿವರಿಸುವ ಬರಹವನ್ನು ಓದಿದವರು, ಎದುರು ಪಕ್ಷದವನಿಗೆ ಈ ದೋಷವಿರುವುದೆಂದು ಚೆನ್ನಾಗಿ ಅರಿತುಕೊಂಡರು. ತಮ್ಮ ಊಹೆಯನ್ನು ಮಾತ್ರ ಕದಲಿಸಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣವನ್ನು ತೋರಿಸುವ ಗಾದೆ ನಮ್ಮಲ್ಲಿದೆಯಷ್ಟೆ. ಈ ಲೇಖನವನ್ನು ಓದುತ್ತಿರುವವರಲ್ಲಿ ಕೆಲವರಿಗೆ ಇಷ್ಟರಲ್ಲಿಯೇ ಭಾವನ ಮುಖವೋ ಅತ್ತಿಗೆಯ ಮುಖವೋ ನೆನಪಿಗೆ ಬಂದಿರಬಹುದು.

ಸುಲಭವಾದ ಪರಿಹಾರಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. 2012ರಲ್ಲಿ ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐವರು ವಿದ್ವಾಂಸರ ಒಂದು ಲೇಖನವು ಬಂದಿತು. ಅರ್ಜಿಯ ಕೊನೆಯಲ್ಲಿ ಮಾಡಿಸುವ ಸಹಿಯನ್ನು ಆರಂಭದಲ್ಲಿಯೇ ಮಾಡಿಸಿದರೆ ಜನರು ಕಡಮೆ ಸುಳ್ಳಾಡುವರೆಂಬುದು ಅದರ ಸಾರ. ಒಂದು ವಿಮಾ ಕಂಪೆನಿಯ ಗ್ರಾಹಕರು ತಮ್ಮ ಕಾರುಗಳು ಓಡಿದ ಮೈಲಿಗಳನ್ನು ತಿಳಿಸಿದ ಅಂಕಿಗಳು ಅದಕ್ಕೆ ಆಧಾರವಾಗಿದ್ದುವು. ಖರ್ಚಿಲ್ಲದ ಔಷಧಿಯಾದುದರಿಂದ ಎಲ್ಲರಿಗೂ ಹಿಡಿಸಿತು. ಆದರೆ ಅದೇ ವಿದ್ವಾಂಸರು ಇತರರೊಡನೆ ಸೇರಿ ಮತ್ತೆ ಪರೀಕ್ಷಿಸಿದಾಗ ಫಲ ಕಾಣಲಿಲ್ಲವೆಂದು 2020ರಲ್ಲಿ ತಾವೇ ಪ್ರಕಟಿಸಿದರು. 2021ರಲ್ಲಿ ಬೇರೆ ವಿದ್ವಾಂಸರು ಮೂಲ ಅಂಕಿಗಳನ್ನು ತೆರೆದು ನೋಡಲಾಗಿ, ಆ ಮೈಲಿಗಳು ಯಾವ ಕಾರೂ ಓಡದಂತಹ ಅಸ್ವಾಭಾವಿಕ ಕ್ರಮದಲ್ಲಿದ್ದು, ಕಲ್ಪಿತವೆಂದು ಸ್ಪಷ್ಟವಾಯಿತು. ಅದೇ ವರ್ಷ ಲೇಖನವನ್ನು ಹಿಂತೆಗೆದುಕೊಂಡರು. ಪ್ರಾಮಾಣಿಕತೆಯನ್ನು ಕುರಿತ ಶಾಸ್ತ್ರದಲ್ಲಿಯೇ ಇಂತಹುದು ನಡೆದುದನ್ನು ಕಂಡು ನಗಬಹುದು. ನಮಗೆ ಅದಕ್ಕಿಂತ ಗಮನಾರ್ಹವಾಗಿ ತೋರುವುದು ಆ ಒಂಬತ್ತು ವರ್ಷಗಳ ಕಾಲ: ಹಿತವಾದ ಫಲಿತಾಂಶದ ಕಾಗದಗಳನ್ನು ತೆರೆದು ನೋಡುವುದಕ್ಕೆ ಯಾರಿಗೂ ಅವಸರವಿರಲಿಲ್ಲ.

ಬುದ್ಧಿವಾದ ಕೆಲಸಮಾಡದಿದ್ದ ಸ್ಥಳದಲ್ಲಿ ಕೆಲಸಮಾಡಿದುದು ಒಂದುಂಟು. ಬ್ಯಾಬ್‌ಕಾಕ್ ಮತ್ತು ಸಂಗಡಿಗರು 1997ರಲ್ಲಿ ಅದೇ ವ್ಯಾಜ್ಯವನ್ನಿಟ್ಟುಕೊಂಡು, ರಾಜಿಗೆ ಕೂರುವ ಮೊದಲು ನಿಮ್ಮ ಪಕ್ಷದ ದೌರ್ಬಲ್ಯಗಳನ್ನು ನೀವೇ ಪಟ್ಟಿಮಾಡಿ ಬರೆಯಿರಿ ಎಂದರು. ಎದುರು ಪಕ್ಷದ ಒಳ್ಳೆಯತನವನ್ನು ಹೊಗಳಬೇಕಾಗಿಲ್ಲ, ಮನಸ್ಸನ್ನು ಶುದ್ಧಮಾಡಿಕೊಳ್ಳಬೇಕಾಗಿಲ್ಲ. ತನ್ನ ವಾದದಲ್ಲಿ ತೂತು ಎಲ್ಲಿದೆಯೆಂದು ಕಾಗದದ ಮೇಲೆ ಬರೆಯಬೇಕು, ಅಷ್ಟೆ. ಹಾಗೆ ಬರೆಯದ ಜೋಡಿಗಳಲ್ಲಿ ನೂರಕ್ಕೆ 35 ರಾಜಿಯಾಗದೆ ಹೋದರೆ, ಬರೆದವರಲ್ಲಿ ಮುರಿದುಬಿದ್ದದ್ದು ನೂರಕ್ಕೆ 4. ಒಳಗಿನ ವಕೀಲನನ್ನು ಓಡಿಸಲಾರೆವು. ಒಂದು ಗಂಟೆಯ ಹೊತ್ತು ಎದುರು ಪಕ್ಷದ ವಕಾಲತ್ತನ್ನು ಅವನ ಕೈಯಲ್ಲಿಯೇ ಕೊಟ್ಟಂತಾಯಿತು. ಅವನು ಸಮರ್ಥನೇ, ಯಾವ ಪಕ್ಷವನ್ನು ಕೊಟ್ಟರೂ ವಾದಿಸಬಲ್ಲನು.

ನಮ್ಮ ಹಿರಿಯರಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಪದ್ಧತಿಯಿತ್ತು. ಇಂದಿಗೂ ಕೆಲವು ಕಡೆ ಇದೆ. ಒಬ್ಬನು ಪಾಲುಮಾಡಬೇಕು, ಇನ್ನೊಬ್ಬನು ಮೊದಲು ಆರಿಸಬೇಕು. ಇಲ್ಲವೆ ಪಾಲುಗಳನ್ನು ಗೊತ್ತುಮಾಡಿದ ಮೇಲೆ ಚೀಟಿ ಹಾಕಿ, ಮನೆಯ ಚಿಕ್ಕ ಮಗುವಿನಿಂದ ಎತ್ತಿಸಬೇಕು. ಯಾವ ಹೊಲವು ತನಗೆ ಬರುವುದೆಂದು ತಿಳಿಯದೆ ಬದುವನ್ನು ಹಾಕುವವನು ಬಾವಿಯ ನೀರನ್ನೂ ಹಳ್ಳದ ಕಡೆಯ ಕಲ್ಲನ್ನೂ ಸರಿಯಾಗಿಯೇ ತೂಗುತ್ತಾನೆ. ಮೊದಲು ಓದಿ ಆಮೇಲೆ ಪಕ್ಷವನ್ನು ತಿಳಿದವರ ಸ್ಥಿತಿಯೂ ಇದೇ. ಆದರೆ ನೆಲವನ್ನು ಹೀಗೆ ತೂಗಬಹುದೇ ಹೊರತು, ಆಗಿಹೋದ ವರ್ಷಗಳನ್ನು ತೂಗಲಾಗದು. ತಾಯಿಯನ್ನು ನೋಡಿಕೊಂಡ ಎಂಟು ವರ್ಷಗಳಿಗೆ ಚೀಟಿ ಹಾಕುವ ಬಗೆ ಹೇಗೆ? ಅಲ್ಲಿ ಉಳಿಯುವುದು ಪಟ್ಟಿಯೊಂದೇ.

ಆ ಪಟ್ಟಿಯೂ ಪೂರ್ಣವಾದ ಮದ್ದಲ್ಲ. ಯೂಜೀನ್ ಕರೂಸೊ, ನಿಕೊಲಸ್ ಎಪ್ಲಿ ಮತ್ತು ಮ್ಯಾಕ್ಸ್ ಬೇಜರ್‌ಮನ್ ಎಂಬವರು 2006ರಲ್ಲಿ ಪ್ರಕಟಿಸಿದಂತೆ, ಒಟ್ಟಿಗೆ ಕೆಲಸ ಮಾಡಿದವರಿಗೆ ಇತರರು ಮಾಡಿದುದನ್ನು ಒಂದೊಂದಾಗಿ ನೆನೆಯಿರಿ ಎಂದಾಗ, ತಮ್ಮ ಪಾಲಿನ ಅತ್ಯುಕ್ತಿ ಕಡಮೆಯಾಯಿತು. ಆದರೆ ನಿಜವಾಗಿಯೂ ಹೆಚ್ಚು ದುಡಿದವರಿಗೆ, ಇತರರು ಎಷ್ಟು ಸ್ವಲ್ಪ ಮಾಡಿದರೆಂಬುದು ಆ ನೆನೆಕೆಯಿಂದಲೇ ಸ್ಪಷ್ಟವಾಗಿ, ಮುಂದೆ ಅವರೊಡನೆ ಕೂಡಿ ಕೆಲಸಮಾಡುವ ಉತ್ಸಾಹವೇ ಕುಗ್ಗಿತು. ಆದುದರಿಂದ ಅಣ್ಣನು ತಂಗಿಯ ಬಾಬುಗಳನ್ನೂ ತಂಗಿಯು ಅಣ್ಣನ ಬಾಬುಗಳನ್ನೂ ಬರೆಯಲು ಕುಳಿತ ದಿನ, ಇಬ್ಬರಲ್ಲಿ ಒಬ್ಬರಿಗೆ ಕಹಿ ಹೆಚ್ಚಾಗುವ ಸಂಭವವೂ ಇದೆ. ಅದು ಪತ್ರಕ್ಕೆ ಸಹಿ ಬೀಳುವ ಮೊದಲು, ಮಾತಾಡುವುದಕ್ಕೆ ಇನ್ನೂ ಸಮಯವಿರುವಾಗ ಹೊರಬೀಳುವುದು ಮೇಲೋ, ಹತ್ತು ವರ್ಷಗಳ ಮೇಲೆ ಮಕ್ಕಳ ಕಾಲದಲ್ಲಿ ನ್ಯಾಯಾಲಯದಲ್ಲಿ ಹೊರಬೀಳುವುದು ಮೇಲೋ ಎಂಬುದನ್ನು ಆಯಾ ಮನೆಯವರೇ ಯೋಚಿಸಬೇಕು. ಬರೆಯುವುದಾದರೆ ಹಿರಿಯನಾದವನೇ ಮೊದಲು ಬರೆದು ಓದಲಿ. ಅಣ್ಣನ ಕಾಲೇಜಿನ ಶುಲ್ಕವೆಷ್ಟಾಗಿತ್ತೆಂಬುದು ತಂಗಿಗೆ ನೆನಪಿರುತ್ತದೆ, ಆದರೆ ಅದನ್ನು ಆಕೆಯ ಬಾಯಿಂದ ಹೇಳಿಸುವುದು ಚೆನ್ನಲ್ಲ.